ಮಾರಲಿಟ್ಟ ದೋಣಿ ಸುತ್ತು ಹಾಕಿದ್ದು

ಆಸ್ತಿ ನಶ್ವರ, ಒಡೆತನ ಬರೀ ಭ್ರಮೆ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಲ್ಲಿ ಯಾರೂ ಹಳೆಯ ಹಾಯಿದೋಣಿ ಮಾರಲು ಹೊರಟವರಲ್ಲ ಎಂಬುದು ನನ್ನ ಗುಮಾನಿ. ಹೊರಟಿದ್ದರೆ, ಜಗತ್ತಿನಲ್ಲಿ ಏನು ನಶಿಸಿದರೂ ಹಳೆಯ ದೋಣಿಯ ಒಡೆತನವೊಂದು ನಶಿಸುವುದಿಲ್ಲವೆಂದು ಅವರಿಗೆ ತಿಳಿಯುತ್ತಿತ್ತು. ನಮ್ಮ ತತ್ತ್ವಶಾಸ್ತ್ರ ಬೇರೆ ದಾರಿ ಹಿಡಿಯುತ್ತಿತ್ತು.

ಶಕುನ, ದೃಷ್ಟಿ, ಗಾಳಿ ಸೋಕುವುದು ಇತ್ಯಾದಿಗಳನ್ನು ನಾನು ನಂಬಿದವನಲ್ಲ. ಧಾರವಾಡದಲ್ಲಿ ಚಿಕ್ಕವನಿದ್ದಾಗ ನಮ್ಮವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟು ಬಾರದಿದ್ದರೆ ದೃಷ್ಟಿ ತಾಗಿದೆ ಎಂದು ಅವಳ ಸಿದ್ಧಾಂತ. ಮೆಣಸಿನಕಾಯಿ ಹಳೆಯದಿರಬೇಕು ಎಂದು ನನ್ನ ಸಿದ್ಧಾಂತ. ಇದನ್ನು ಬಾಯಿಬಿಟ್ಟು ಹೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ. ಆಮೇಲೆ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಕೆಟ್ಟ ಕಂಪ್ಯೂಟರ್ ವ್ಯವಸ್ಥೆಗಳು ಯಾಕೆ ಕೆಟ್ಟವು ಎಂದು ಹುಡುಕುವುದರಲ್ಲೇ ನನ್ನ ನೌಕರಿ ಸವೆಯಿತು. ಇಂಥವನು ಈಗ ಬರೆಯಲಿರುವುದನ್ನು ನಂಬಿ ಎಂದು ಓದುಗರನ್ನು ಒತ್ತಾಯಿಸುವುದು ನ್ಯಾಯವಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ಮಗಳು ವೀಣಾ ಮದುವೆಯಾಗಿ ಮೆಲ್ಬರ್ನ್‌ನ ಟಾರ್ನೀಟ್ ಸೇರಿದ ಮೇಲೆ, ನಾನೂ ನನ್ನ ಹೆಂಡತಿ ಗಿರಿಜಾಳೂ ರೆಂಟ್ ಮನೆ ಬಿಟ್ಟು ಒಂದು ಹಾಯಿದೋಣಿ ಕೊಂಡು ಅದರಲ್ಲೇ ಸಂಸಾರ ಹೂಡಿದ್ದೆವು. ಸಿಡ್ನಿಯ ಕನ್ನಡದವರು ಸುದ್ದಿ ಕೇಳಿ ಮೊದಲು ನಕ್ಕರು. ಆಮೇಲೆ ನನ್ನ ನೌಕರಿ ಹೋಗಿದೆಯೇ ಎಂದು ಪಾಟೀಲರನ್ನು ಗುಟ್ಟಾಗಿ ವಿಚಾರಿಸಿದರು. ಪಾಟೀಲರು ಬೆಳಗಾವಿಯವರು, ಪೆಂಡಲ್ ಹಿಲ್‌ನಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಹಳೆಯ ಸ್ನೇಹಿತರು. ಗಿರಿಜಾಳಿಗೂ ಮೊದಲು ಮನಸ್ಸಿರಲಿಲ್ಲ. “ನೀರಾಗ ಸಂಸಾರ ಮಾಡೂದು ಮೊಸಳಿ,” ಎಂದಿದ್ದಳು. ಒಂದು ಚಳಿಗಾಲ ಕಳೆಯುವುದರೊಳಗೆ ದೋಣಿ ಅವಳದಾಯಿತು, ನಾನು ಅದರಲ್ಲಿ ಬಾಡಿಗೆಗೆ ಇರುವವನಾದೆ.

ಅಡುಗೆಕಟ್ಟೆಯ ಪಕ್ಕದ ಹಲಗೆಯ ಮೇಲೆ ದೇವರನ್ನು ಕೂರಿಸಿದ್ದಳು: ಹಿತ್ತಾಳೆಯ ಗಣಪ, ಎಲ್ಲಮ್ಮನ ಪುಟ್ಟ ಫೋಟೊ, ಒಂದು ಗಂಟೆ. ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದಳು. ಗಾಳಿ ತಿರುಗಿತು, ಕಟ್ಟಿದ ದೋಣಿಯೂ ತಿರುಗಿತು, ಗಣಪ ದಕ್ಷಿಣ ನೋಡಿದ. ಕೆಲವು ದಿನ ಅವಳೂ ಗಾಳಿಯೊಡನೆ ಜಿದ್ದಿಗೆ ಬಿದ್ದು ದೇವರನ್ನು ತಿರುಗಿಸಿದಳು. ಕಡೆಗೆ, “ಅವನರ ನಾಕೂ ಕಡೆ ನೋಡ್ಲಿ ಬಿಡ್ರಿ,” ಎಂದು ಕೈಬಿಟ್ಟಳು. ಕರಾವಳಿಯುದ್ದಕ್ಕೂ ಮೇಲೆ ಕೆಳಗೆ ಓಡಾಡಿಕೊಂಡು ವರ್ಷಗಳನ್ನು ಸುಖವಾಗಿ ಕಳೆದೆವು.

ಆಮೇಲೆ ಗಿರಿಜಾಳಿಗೆ ತಲೆ ತಿರುಗತೊಡಗಿತು. ಅದು ಶುರುವಾದದ್ದು ನೀರಿನ ಮೇಲಲ್ಲ. ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಮೆಂತ್ಯೆಸೊಪ್ಪು ಆರಿಸುತ್ತಿದ್ದವಳು ಹಾಗೆಯೇ ನೆಲಕ್ಕೆ ಕುಳಿತಳು. ಒಳಕಿವಿಯ ತೊಂದರೆ ಎಂದರು ಡಾಕ್ಟರು. ಗುಳಿಗೆ ಕೊಟ್ಟರು, ಕತ್ತಿನ ವ್ಯಾಯಾಮ ಹೇಳಿದರು, ತಜ್ಞರ ಬಳಿ ಕಳಿಸಿದರು. ಯಾವುದೂ ಹತ್ತಲಿಲ್ಲ. ಕೋಲು ಹಿಡಿಯದೆ ಬಚ್ಚಲಿಗೆ ಹೋಗುವುದೂ ಕಷ್ಟವಾಯಿತು. ಅಂಥವಳನ್ನು ಅಲುಗಾಡುವ ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಅವಳು ಮಗಳ ಮನೆಗೆ ಹೋದಳು. ನಾನು ದೋಣಿ ಮಾರಿ ಬರುವುದೆಂದು ಸಿಡ್ನಿಯಲ್ಲಿ ಉಳಿದೆ.

ದೋಣಿ ಮಾರುವುದು ಹೆಚ್ಚುಕಡಿಮೆ ಹೆಣ್ಣು ತೋರಿಸಿದ ಹಾಗೆ. ಸೋಲಾರ್ ಇದೆ, ಗಾಳಿಯಿಂದ ಕರೆಂಟು ಮಾಡುವ ಫ್ಯಾನಿದೆ, ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರವಿದೆ, ತಾನೇ ಚುಕ್ಕಾಣಿ ಹಿಡಿದು ನಡೆಸುವ ಯಂತ್ರವಿದೆ ಎಂದೆಲ್ಲ ದೊಡ್ಡ ದನಿಯಲ್ಲಿ ಹೇಳಬೇಕು. ವಯಸ್ಸಿನ ಮಾತು ಬಂದಾಗ ತುಸು ಕೆಮ್ಮಬೇಕು. ಬಂದವರು ಅಡಿಭಾಗ ಬಡಿದು ನೋಡುತ್ತಾರೆ, ಹಾಸಿಗೆ ಎತ್ತಿ ಮೂಸುತ್ತಾರೆ, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ. ಗಿರಿಜಾ ಮೆಲ್ಬರ್ನ್‌ನಿಂದ ಫೋನ್ ಮಾಡಿ ಮೊದಲು ಕೇಳುತ್ತಿದ್ದುದು ಒಂದೇ: “ಬಂದವರಿಗೆ ಉಪ್ಪಿಟ್ಟು ಕೊಟ್ರಿಲ್ಲೋ?” ಕೊಡುತ್ತಿದ್ದೆ. ಒಬ್ಬ ಮಹಾಶಯ ಎರಡು ಸಲ ಹಾಕಿಸಿಕೊಂಡು ತಿಂದು, ತನಗೆ ನಿಜವಾಗಿ ಬೇಕಿರುವುದು ಕ್ಯಾರವಾನ್ ಎಂದು ಬಾಯೊರೆಸಿಕೊಂಡು ಹೋದ. ತಿಂಗಳುಗಳು ಹೋದವು. ಬೆಳಿಗ್ಗೆ ಎದ್ದು ಹಿತ್ತಾಳೆ ತಿಕ್ಕುವುದು, ರವೆ ಹುರಿಯುವುದು, ಯಾರಿಗೋ ಕಾಯುವುದು. ನನಗೆ ದೋಣಿಯೂ ಬೇಸರ, ಉಪ್ಪಿಟ್ಟೂ ಬೇಸರ.

ಕೊನೆಗೆ ಬಂದವಳು ಹೆಲೆನ್. ಮೆಲ್ಬರ್ನ್‌ನವಳು, ನರ್ಸ್ ಆಗಿದ್ದು ನಿವೃತ್ತಳಾದವಳು, ಒಬ್ಬಂಟಿ. ಬಡಿಯಲಿಲ್ಲ, ಮೂಸಲಿಲ್ಲ. ಅಡುಗೆಮೂಲೆಯಲ್ಲಿ ನಿಂತು ಕಿಟಕಿಯಿಂದ ಹೊರಗೆ ನೋಡಿದಳು, ಬೇಕು ಎಂದಳು. ತಪಾಸಣೆಯವರನ್ನು ಕರೆಸಿ ನೋಡಿಸಿದಳು. ಮಾತಾಯಿತು. ವಾರ ಕಳೆದು ವಶಕ್ಕೆ ಕೊಡುವುದೆಂದು ನಿಶ್ಚಯವಾಯಿತು.

ದೇವರನ್ನು ಇಳಿಸುವುದೊಂದು ಬಾಕಿ ಇತ್ತು. “ನಾನ ಬಂದು ಇಳಸ್ತೀನಿ. ನಿಮ್ಮ ಕೈಯಾಗ ದೇವರು ಕೊಟ್ರ ಸಾಮಾನಿನ ಜೋಡಿ ತುಂಬತೀರಿ,” ಎಂದು ಗಿರಿಜಾ ಹಟ ಹಿಡಿದು ಹಗಲಿಡೀ ರೈಲಿನಲ್ಲಿ ಕಣ್ಣು ಮುಚ್ಚಿ ಕುಳಿತು ಬಂದಳು. ಶನಿವಾರ ಮಧ್ಯಾಹ್ನ ಪಾಟೀಲರು, ತಮ್ಮ ಮನೆಯಲ್ಲಿ ಇಳಿದಿದ್ದ ನಮ್ಮಿಬ್ಬರನ್ನೂ ಕಾರಿನಲ್ಲಿ ದೋಣಿ ಹತ್ತುವ ದಕ್ಕೆಗೆ ಕರೆತಂದರು. ದೋಣಿ ಕೊಲ್ಲಿಯ ಮಧ್ಯದಲ್ಲಿತ್ತು. ನೀರಿನ ತಳದಲ್ಲಿ ಹೂತ ಭಾರಕ್ಕೆ ಸರಪಳಿ ಹಾಕಿ, ಮೇಲೆ ತೇಲುಬುಗ್ಗೆ ಬಿಟ್ಟು, ಅದಕ್ಕೆ ದೋಣಿಯ ಮೂಗನ್ನು ಎರಡು ಹಗ್ಗಗಳಿಂದ ಕಟ್ಟಿರುತ್ತಾರೆ, ಗೂಟಕ್ಕೆ ಎತ್ತು ಕಟ್ಟಿದ ಹಾಗೆ. ಅಲ್ಲಿಗೆ ಹೋಗಲು ಚಿಕ್ಕ ರಬ್ಬರ್ ದೋಣಿ ಹತ್ತಬೇಕು. ಗಿರಿಜಾ ಅದರೊಳಗೆ ಒಂದು ಕಾಲಿಟ್ಟಳು, ಬೆಳ್ಳಗಾದಳು, ಕಾಲು ತೆಗೆದಳು. ಅವಳು ದಕ್ಕೆಯ ಬೆಂಚಿನ ಮೇಲೆ ಕುಳಿತು, “ಫೋನ್ ಹಚ್ಚಿ ಇಟ್ಕೊಂಡು ಹೋಗ್ರಿ. ನಾ ಹೇಳಿದಂಗ ಮಾಡ್ರಿ,” ಎಂದಳು.

ನಾನೊಬ್ಬನೇ ಹುಟ್ಟು ಹಾಕಿಕೊಂಡು ಹೋದೆ. ದಕ್ಷಿಣದ ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಕೊಲ್ಲಿಯ ದೋಣಿಗಳೆಲ್ಲ ದಕ್ಷಿಣಕ್ಕೆ ಮೂಗು ಮಾಡಿ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು, ನಮ್ಮದೂ ಸೇರಿ. ಹತ್ತುವಾಗ ಎರಡೂ ಹಗ್ಗಗಳನ್ನು ಅಭ್ಯಾಸಬಲದಿಂದ ನೋಡಿದೆ. ನೆಟ್ಟಗಿದ್ದವು.

ಒಳಗೆ ಹೋಗಿ ಫೋನನ್ನು ಕಟ್ಟೆಯ ಮೇಲಿಟ್ಟೆ.

“ಕೈಕಾಲು ತೊಳಕೊಂಡ್ರೇನು?” ಎಂದಳು ಗಿರಿಜಾ.

“ತೊಳಕೊಂಡೆ.”

“ಸುಳ್ಳ. ಪಂಪಿನ ಸಪ್ಪಳಾನ ಕೇಳ್ಲಿಲ್ಲ.”

ತೊಳೆದುಕೊಂಡೆ. ದೀಪ ಹಚ್ಚಲು ಹೇಳಿದಳು, ಹಚ್ಚಿದೆ.

“ಈಗ ಎರಡು ಮಾತು ಹೇಳ್ರಿ. ಇಷ್ಟು ದಿವಸ ನೀರ ಮ್ಯಾಲೆ ನಮ್ಮನ್ನ ಕಾದೀಪಾ, ಇನ್ನ ನೆಲಕ್ಕ ನಡಿ ಅಂತ. ಮನಸ್ಸಿನ್ಯಾಗ ಅಲ್ಲ, ಬಾಯಿಬಿಟ್ಟ ಹೇಳ್ರಿ. ನಾ ಕೇಳ್ತೀನಿ.”

ಖಾಲಿ ದೋಣಿಯೊಳಗೆ ಹಿತ್ತಾಳೆಯ ಗಣಪನೊಡನೆ ಗಟ್ಟಿಯಾಗಿ ಮಾತಾಡಿದೆ. ನಾಚಿಕೆಯಾಯಿತು. ಅವನನ್ನು ಎರಡೂ ಕೈಯಿಂದ ಎತ್ತಿ, ಕುಕ್ಕರಿನ ಹಳೆಯ ಡಬ್ಬದಲ್ಲಿ ಬಟ್ಟೆ ಹಾಸಿ ಇಟ್ಟೆ. ಆಗ ದುಂಡು ಕಿಟಕಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ಮೇಜಿನ ಮೇಲಿಂದ ಹಾಸಿಗೆಯ ಮೇಲೆ, ಹಾಸಿಗೆಯಿಂದ ಗೋಡೆಗೆ ನಿಧಾನವಾಗಿ ಸರಿಯುತ್ತಿರುವುದು ಕಣ್ಣಿಗೆ ಬಿತ್ತು. ದೀಪದ ಕುಡಿ ಅಲುಗಲಿಲ್ಲ. ಕಾಲಿಗೆ ಏನೂ ತಿಳಿಯಲಿಲ್ಲ.

ಫೋನಿನಲ್ಲಿ ಪಾಟೀಲರ ದನಿ ಬಂತು. “ಸಾಹೇಬ್ರ, ಬೋಟ್ ಯಾಕ ತಿರಗಸಾಕತ್ತೀರಿ?”

“ನಾನೆಲ್ಲಿ ತಿರಗಸ್ಲಿ? ಎಂಜಿನ್ನ ಹಚ್ಚಿಲ್ಲ.”

“ಮತ್ತ ಹೊರಗ ಬಂದು ನೋಡ್ರಿ.”

ಹೊರಗೆ ಬಂದು ದೋಣಿಯ ಮೂಗಿನ ಕಡೆ ತಿರುಗಿ ನಿಂತೆ. ಮುಖಕ್ಕೆ ಹೊಡೆಯಬೇಕಾದ ಗಾಳಿ ಎಡಗಿವಿಗೆ ಹೊಡೆಯಿತು. ನೋಡನೋಡುತ್ತ ಹಿಂಗತ್ತಿಗೆ ಬಂತು. ಆಮೇಲೆ ಬಲಗಿವಿಗೆ, ಮತ್ತೆ ಮುಖಕ್ಕೆ. ಅಷ್ಟಕ್ಕೇ ನಿಲ್ಲದೆ ಪುನಃ ಎಡಗಿವಿಗೆ. ಸಕ್ಕರೆ ಬೇಕೆಂದರೆ ಕೈ ಚಾಚಿ ಇಸಿದುಕೊಳ್ಳುವಷ್ಟು ಸಮೀಪದಲ್ಲಿ ನಮ್ಮದರಂಥದೇ ಇನ್ನೊಂದು ದೋಣಿಯಿತ್ತು. ಅದು ಕದಲಲಿಲ್ಲ. ಕೊಲ್ಲಿಯಲ್ಲಿ ಯಾವುದೂ ಕದಲಲಿಲ್ಲ. ನಮ್ಮದೊಂದು ಮಾತ್ರ ಬೀಸುವ ಗಾಳಿಗೆ ಅಡ್ಡಡ್ಡವಾಗಿ, ಬೆನ್ನಾಗಿ, ಅವಸರವಿಲ್ಲದೆ ಸುತ್ತುತ್ತಿತ್ತು. ನಾನು ಹೆದರಿದೆನೇ ಎಂದು ಕೇಳಿದರೆ, ಇಲ್ಲ. ಬಹಳ ದಣಿದಿದ್ದೆ. ಕಟಕಟೆ ಹಿಡಿದು ನಿಂತು ನೋಡಿದೆ. ಅದು ತನಗೆ ಸಾಕೆನಿಸಿದಾಗ ದಕ್ಷಿಣಕ್ಕೆ ಮೂಗು ಮಾಡಿ, ಏನೂ ನಡೆದೇ ಇಲ್ಲವೆಂಬಂತೆ ನಿಂತಿತು. ಮುಂದೆ ಹೋಗಿ ನೋಡಿದರೆ ಎರಡು ಹಗ್ಗಗಳೂ ಜಡೆ ಹೆಣೆದಂತೆ ಒಂದಕ್ಕೊಂದು ಸುತ್ತಿಕೊಂಡಿದ್ದವು. ಎಷ್ಟು ಸುತ್ತು ಎಂದು ನಾನು ಎಣಿಸಲಿಲ್ಲ. ಬಿಡಿಸಿ, ಡಬ್ಬ ಎತ್ತಿಕೊಂಡು, ದಡಕ್ಕೆ ಬಂದೆ.

ಗಿರಿಜಾ ಬೆಂಚಿನ ಮೇಲೆ ಇರಲಿಲ್ಲ. ದಕ್ಕೆಯ ತುದಿಯಲ್ಲಿ, ಕೆಳಗೆ ನೀರು ಹೊಯ್ದಾಡುವ ಜಾಗದಲ್ಲಿ, ಏನನ್ನೂ ಹಿಡಿಯದೆ ನಿಂತಿದ್ದಳು. ಕೋಲು ಪಾಟೀಲರ ಕೈಯಲ್ಲಿತ್ತು. ಅವರು ಅದನ್ನು ಮದುವೆಯಲ್ಲಿ ಯಾರದೋ ಕೂಸನ್ನು ಹಿಡಿದವರಂತೆ ಹಿಡಿದಿದ್ದರು.

“ತಲಿ ತಿರುಗೂದು ನಿಂತತ್ರಿ,” ಎಂದಳು ಗಿರಿಜಾ.

ಬಗ್ಗಿ ಡಬ್ಬ ಇಸಿದುಕೊಂಡಳು. ಬಗ್ಗುವುದನ್ನು ಬಿಟ್ಟು ಅವಳಿಗೆ ಆಗಲೇ ವರ್ಷವಾಗಿತ್ತು.

ಆ ಸಂಜೆ ಪಾಟೀಲರ ಮನೆಯಲ್ಲಿ ಅವಳು ರೊಟ್ಟಿ ಬಡಿದಳು, ಮೆಟ್ಟಿಲು ಹತ್ತಿ ಇಳಿದಳು, ಬೇಕೆಂದೇ ಕತ್ತು ತಿರುಗಿಸಿ ನೋಡಿಕೊಂಡಳು. ಏನೂ ಆಗಲಿಲ್ಲ. ನನ್ನೊಳಗೆ ಆಸೆ ಹುಟ್ಟಿತು. ದೋಣಿ ಇನ್ನೂ ನಮ್ಮದೇ. ಹೆಲೆನ್‌ಳ ಕೈಕಾಲು ಹಿಡಿದಾದರೂ ಮಾತು ಹಿಂತೆಗೆದುಕೊಳ್ಳಬಹುದು. ಮಾರುವ ಕಾರಣವೇ ಹೋದ ಮೇಲೆ ಮಾರುವುದೇಕೆ ಎಂದೆ.

ಗಿರಿಜಾ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. “ದೃಷ್ಟಿ ತಗದು ನಿವಾಳಿಸಿ ಒಗದದ್ದನ್ನ ಯಾರರ ತಿರುಗಿ ಮನಿಗೆ ತರ್ತಾರೇನ್ರಿ? ನನ್ನ ತಲಿ ತಿರುಗೂದನ್ನ ಅದು ತಗೊಂಡೈತಿ. ಇನ್ನ ಅದರಾಗ ನಾ ಕಾಲಿಡೂ ಹಂಗಿಲ್ಲ.”

ನಾನು ವಾದಕ್ಕಿಳಿದೆ. “ನಿವಾಳಿಸೂದಂದ್ರ ನಿನ್ನ ಸುತ್ತ ತಿರುಗಬೇಕಾಗಿತ್ತು. ಅದು ತನ್ನ ಸುತ್ತ ತಾನ ತಿರುಗೈತಿ.”

“ಮತ್ತೇನು, ನೀರಾಗಿಂದ ಎದ್ದು ದಕ್ಕಿ ಮ್ಯಾಲೆ ಬರಬೇಕಾಗಿತ್ತೇನು ಪಾಪ? ತನ್ನ ಕೈಲಾದಷ್ಟು ಮಾಡೈತಿ.”

“ವೈನಿ ಹೇಳೂದು ಖರೇ ಐತ್ರಿ ಸಾಹೇಬ್ರ,” ಎಂದರು ಪಾಟೀಲರು, ತಮ್ಮ ತಟ್ಟೆ ನೋಡುತ್ತ. ಮೂರನೆಯ ರೊಟ್ಟಿ ಅವಳ ಕೈಯಲ್ಲಿತ್ತು.

ಗಿರಿಜಾ ಮೇಲೆ ಮೇಲೆ ನಗುತ್ತಿದ್ದಳು, ನಿಜ. ಮಲಗುವಾಗ ಗೋಡೆಯ ಕಡೆ ಮುಖ ಮಾಡಿ, “ಭಾಳ ಚಲೋ ಇತ್ತರೀ ಅದು,” ಎಂದಳು. ನಾನು ಹೂಂ ಎಂದೆ. ಅದರ ಬಗ್ಗೆ ಅವಳು ಆಡಿದ ಕೊನೆಯ ಮಾತು ಅದು. ವಶಕ್ಕೆ ಕೊಡುವ ದಿನ ದಕ್ಕೆಗೂ ಬರಲಿಲ್ಲ. ನಿವಾಳಿಸಿದ ಮೇಲೆ ಹಿಂತಿರುಗಿ ನೋಡಬಾರದಂತೆ.

ನನಗೊಂದು ಧರ್ಮಸಂಕಟ ಉಳಿಯಿತು. ಎಂಜಿನ್ನು ಎಣ್ಣೆ ಕಾರುವುದರಿಂದ ಹಿಡಿದು ಕಕ್ಕಸಿನ ಹಿಡಿಕೆ ಸಡಿಲವಿರುವುದರವರೆಗೆ ಎಲ್ಲ ದೋಷಗಳನ್ನೂ ಹೆಲೆನ್‌ಗೆ ಹೇಳಿದ್ದೆ. ಇದನ್ನು ಮುಚ್ಚಿಟ್ಟರೆ ಹೇಗೆ? ನಾನೇ ನಂಬದ ದೋಷವನ್ನು ತಿಳಿಸುವ ಹೊಣೆ ನನ್ನ ಮೇಲಿದೆಯೇ? ಯೋಚಿಸಿ ಯೋಚಿಸಿ ಸಾಕಾಗಿ, ಬೀಗದ ಕೈ ಕೊಡುವ ಮುಂಚೆ ನಡೆದದ್ದನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ರೋಗಿಗಳ ಮಾತು ಕೇಳಿ ಪಳಗಿದವಳು, ಪೂರ್ತಿ ಕೇಳಿದಳು.

“ಈಗ ನಿಮ್ಮ ಹೆಂಡತಿ ಹೇಗಿದ್ದಾರೆ?” ಎಂದಳು.

“ಚೆನ್ನಾಗಿದ್ದಾಳೆ.”

“ಹಾಗಾದರೆ ಒಳ್ಳೆಯ ದೋಣಿಯೇ. ಆ ಫ್ರಿಜ್ಜು ಆಗಾಗ ಗೊರಗುಟ್ಟುತ್ತದಲ್ಲ, ಅದಕ್ಕೇನು ಮಾಡಬೇಕು, ಅದನ್ನು ಹೇಳಿ.”

ಹೇಳಿದೆ.

ಆಮೇಲೆ ನಾನು ವಿಚಾರಿಸದೆ ಇಲ್ಲ. ಒಳಕಿವಿಯ ತೊಂದರೆ ಹೀಗೆ ಬಂದದ್ದು ಹಾಗೆ ಹೋಗುವುದುಂಟು ಎಂದರು ಡಾಕ್ಟರು. ಆ ಮಧ್ಯಾಹ್ನವೇ, ಆ ಗಳಿಗೆಯಲ್ಲೇ ಹೋಗುವುದುಂಟೇ ಎಂದರೆ, ಯಾವುದಾದರೊಂದು ಗಳಿಗೆಯಲ್ಲಿ ಹೋಗಲೇಬೇಕಲ್ಲ ಎಂದರು. ದೋಣಿಯ ಹಳಬರನ್ನು ಕೇಳಿದೆ. ನೀರಿನಲ್ಲಿ ಸುಳಿ ಎದ್ದಿರಬೇಕು ಎಂದರು. ಪಕ್ಕದ ದೋಣಿ ಯಾಕೆ ಸುತ್ತಲಿಲ್ಲ ಎಂದರೆ, ಸುಳಿಗೆ ಒಂದೇ ದೋಣಿ ಸಾಕಾಗಿರಬೇಕು ಎಂದರು. ಎರಡು ಉತ್ತರಗಳೂ ಸರಿಯಿರಬಹುದು. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ನನಗೆ ಸಮಾಧಾನವಾಗುವುದಿಲ್ಲ. ನಂಬಿದೆ ಎನ್ನಲು ಬಾಯಿ ಬರುವುದಿಲ್ಲ, ಇಲ್ಲವೆನ್ನಲು ಗಿರಿಜಾ ಎದುರಿಗೇ ಓಡಾಡಿಕೊಂಡಿದ್ದಾಳೆ.

ದೋಣಿಯನ್ನು ಹೆಲೆನ್ ಉತ್ತರಕ್ಕೆ, ಕ್ವೀನ್ಸ್‌ಲ್ಯಾಂಡ್ ಕಡೆಗೆ ಒಯ್ದಳು. ಅವಳಿಗೇನೂ ತೊಂದರೆಯಾಗಿಲ್ಲ. ನಾವು ಟಾರ್ನೀಟ್‌ನಲ್ಲಿ, ಮಗಳ ಮನೆಯ ಹಿಂದಿನ ರಸ್ತೆಯಲ್ಲಿ ರೆಂಟ್‌ಗೆ ಇದ್ದೇವೆ.