ಕುರ್ಚಿಯೊಡನೆ ಕುಣಿದವರು

ಟೋಕಿಯೊದ ವಿದೇಶಾಂಗ ಕಚೇರಿಗೆ ಕೆಲಸಕ್ಕೆ ಸೇರಿದ ದಿನ ಕುವಾಬಾರಾ ಮೊದಲು ಕಂಡದ್ದು, ಕುರ್ಚಿಯೊಂದನ್ನು ತಬ್ಬಿಕೊಂಡು ಗರಗರನೆ ತಿರುಗುತ್ತಿದ್ದ ಹಿರಿಯ ಗುಮಾಸ್ತ ಇನಗಾಕಿಯವರನ್ನು. ಹಿಂದೆ ಸೊಂಟಕ್ಕೆ ಕತ್ತಿ ಕಟ್ಟಿದ ಮನೆತನ ಅವರದು. ಈಗ ಕಾಲಿಗೆ ಬಿಗಿಯಾದ ಬೂಟು. ಬಿಳಿಯರ ಹಾಗೆ ಉಂಡು, ಉಟ್ಟು, ಜೋಡಿಯಾಗಿ ಕುಣಿದು ತೋರಿಸಿದರೆ ಅವರು ತಮಗೆ ಅನುಕೂಲವಾಗಿ ಬರೆಸಿಕೊಂಡಿದ್ದ ಹಳೆಯ ಒಪ್ಪಂದಗಳನ್ನು ತಿದ್ದಲು ಒಪ್ಪಿಯಾರೆಂಬುದು ಆಗಿನ ಸರ್ಕಾರದ ನಂಬಿಕೆ. ಇನಗಾಕಿಯವರಷ್ಟು ಶ್ರದ್ಧೆಯಿಂದ ಅದನ್ನು ಪಾಲಿಸಿದವರಿಲ್ಲ. ಬುತ್ತಿಯ ಅನ್ನವನ್ನೂ ಚಾಕುವಿನಿಂದ ಕತ್ತರಿಸಿ ತಿನ್ನುವರು. ಅದರೊಳಗಿನ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣು ಜಾರಿ ಮೇಲಧಿಕಾರಿಯ ಮೇಜಿಗೆ ಹಾರುವುದು. "ಬೀಸೋ ಕಲ್ಲೂ ಇಷ್ಟು ತಿರುಗಲ್ಲ ಕಣ್ರೀ," ಎಂದು ಮನೆಯಲ್ಲಿ ಹೆಂಡತಿ ಓಹಿಸಾ ಹಂಗಿಸಿದರೆ, "ದೇಶದ ಕೆಲಸ ಕಣೇ, ಬಾ ಇಲ್ಲಿ," ಎಂದು ಅವಳನ್ನೂ ಎಳೆದುಕೊಳ್ಳುವರು. ಒಮ್ಮೆ ಕುವಾಬಾರಾ, "ಈ ವಯಸ್ಸಲ್ಲಿ ಯಾಕೆ ಸ್ವಾಮಿ ಈ ಪಾಡು?" ಎಂದು ನಕ್ಕ. ಇನಗಾಕಿಯವರು ಬೂಟು ಬಿಚ್ಚಿ, ಊದಿದ ಬೆರಳನ್ನು ನೀವುತ್ತ ಹೇಳಿದರು: "ಯೊಕೊಹಾಮಾದಲ್ಲಿ ಒಬ್ಬ ಬಿಳಿ ನಾವಿಕ ನನ್ನ ತಮ್ಮನ್ನ ಹೊಡೆದು ಕೊಂದ. ಒಪ್ಪಂದದ ಪ್ರಕಾರ ವಿಚಾರಣೆ ಮಾಡಿದ್ದು ಅವನ ದೇಶದೋರೇ. ಬಿಟ್ಟುಬಿಟ್ರು. ಅಂಥೋರು ನಮ್ಮ ನ್ಯಾಯಾಧೀಶರ ಮುಂದೆ ನಿಲ್ಲೋ ಹಾಗಾಗೋದಾದ್ರೆ, ನಾನು ತಲೆಕೆಳಗಾಗಿ ಬೇಕಾದ್ರೂ ಕುಣೀತೀನಪ್ಪ." ಕೊನೆಗೂ ಒಪ್ಪಂದಗಳು ಬದಲಾದವು; ಅಷ್ಟರಲ್ಲಿ ಇನಗಾಕಿಯವರು ನಿವೃತ್ತರಾಗಿದ್ದರು. ಈಗ ಯೊಕೊಹಾಮಾದ ನ್ಯಾಯಾಲಯದಲ್ಲಿ ವಿದೇಶಿಯೊಬ್ಬನ ವಿಚಾರಣೆಯಿದೆ ಎಂದರೆ, ಅದು ಬರಿಯ ಕುಡುಕನ ಗಲಾಟೆಯಾದರೂ ಸರಿ, ಹುಲ್ಲಿನ ಚಪ್ಪಲಿ ಮೆಟ್ಟಿ ರೈಲು ಹತ್ತುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತು ಆರೋಪಿ ಎದ್ದು ನಿಲ್ಲುವುದನ್ನು ನೋಡುತ್ತಾರೆ. ಆಮೇಲೆ ತಮ್ಮನ ಸಮಾಧಿಗೆ ಹೋಗಿ, ನೀರೆರೆದು, ಕಂಡದ್ದನ್ನೆಲ್ಲ ಹೇಳಿ ಬರುತ್ತಾರೆ.