ಅಕ್ಕ ಕಟ್ಟಿದ ಎಥಿಲೀನ್

ಕೆಮಿಸ್ಟ್ರಿಯ ಬಾಂಡ್ ಅನ್ನುವ ಹಾಳಾದ್ದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವಳಿಗೆ ತಿಪಟೂರಿನ ಕಾಲೇಜಿನಲ್ಲಿ ಏಕಾಏಕಿ ಇಂಗ್ಲಿಷು. ಲೆಕ್ಚರರು ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದರು, ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಕೊನೆಗೆ ಕಲಿಸಿದವಳು ಅಕ್ಕ. ಅವಳೂ ದೊಡ್ಡ ಪಂಡಿತೆಯೇನಲ್ಲ. ಹಿಂದಿನ ವರ್ಷ ಇದೇ ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದಳು. ಆ ವರ್ಷ ಎರಡನೇ ಪಿಯುಸಿ ಪರೀಕ್ಷೆ ಇಬ್ಬರದೂ ಒಟ್ಟಿಗೇ.

ತೋಟದಲ್ಲಿ ಬಲಿಯುವ ಮೊದಲೇ ಉದುರಿದ ತೆಂಗಿನ ಪುಟ್ಟ ಕಾಯಿಗಳನ್ನು, ಹರಳುಗಳನ್ನು, ಅಕ್ಕ ಉಡಿ ತುಂಬ ಆರಿಸಿ ತರುತ್ತಿದ್ದಳು. ದಪ್ಪನೆಯದು ಕಾರ್ಬನ್, ಸಣ್ಣದು ಹೈಡ್ರೋಜನ್. ಪೊರಕೆಯಿಂದ ಕಡ್ಡಿ ಹಿರಿದು ಒಂದಕ್ಕೊಂದು ಚುಚ್ಚಿ ಜೋಡಿಸುತ್ತಿದ್ದಳು.

"ಕಾರ್ಬನ್‌ಗೆ ನಾಲ್ಕು ಕೈ ಕಣೇ. ಒಂದೂ ಖಾಲಿ ಇರಂಗಿಲ್ಲ."

ಎಥಿಲೀನ್ ಕಟ್ಟುವಾಗ ಎರಡು ಕಾರ್ಬನ್ ನಡುವೆ ಎರಡು ಕಡ್ಡಿ ಬಗ್ಗಿಸಿ ಸಿಕ್ಕಿಸಬೇಕು. ನಾನು ಪ್ರತಿ ಸಲವೂ ಒಂದೇ ಸಿಕ್ಕಿಸಿ ಅವಳ ಕೈಲಿ ತಲೆಗೆ ಮೊಟಕಿಸಿಕೊಳ್ಳುತ್ತಿದ್ದೆ. ಪೊರಕೆ ಬೋಳಾಯಿತೆಂದು ಅವ್ವ ಬೈದರೂ ಅಕ್ಕ ನಗುತ್ತಿದ್ದಳು. "ನಿಂಗೆ ಹೇಳ್ಕೊಡ್ತಾ ನಂಗೇ ತಿಳೀತೈತೆ. ಈ ಸಲ ಪಾಸಾಗೇ ಆಯ್ತೀನಿ, ನೋಡ್ತಿರು."

ಆದರೆ ಪರೀಕ್ಷೆಗೆ ಕೂರಬೇಕಲ್ಲ. ತುರುವೇಕೆರೆ ಕಡೆಯ ಸಂಬಂಧ ಕುದುರಿತ್ತು. ಅಟ್ಟದ ಕೊಬ್ಬರಿ ಇಳಿಸಿ ಮಾರಿದ ಕೂಡಲೇ ಮದುವೆ ಎಂದು ಅಪ್ಪ ಬೀಗರಿಗೆ ಮಾತು ಕೊಟ್ಟಿದ್ದರು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಸಿಪ್ಪೆ ಸಮೇತ ಹರಡಿದ ಕಾಯಿ, ಕೆಳಗಿನ ಒಲೆಯ ಹೊಗೆಗೆ ತಿಂಗಳಾನುಗಟ್ಟಲೆ ಒಣಗಿ, ಒಳಗೆ ಉಂಡೆ ಕೊಬ್ಬರಿಯಾಗುತ್ತದೆ. ಪರೀಕ್ಷೆ ಮುಗಿಯುವವರೆಗೆ ಅದು ಒಣಗಬಾರದು. ಅಕ್ಕ ಒಂದು ಉಪಾಯ ಹೂಡಿದಳು. "ಅವ್ವ, ಈ ಹೊಗೆಗೆ ನಿನ್ನ ಕೆಮ್ಮು ಜಾಸ್ತಿ ಆಗೈತೆ. ಒಲೆ ಹಿತ್ತಿಲಿಗೆ ಹಾಕನ." ಪಾಪ, ಅವ್ವ ಮಗಳ ಪ್ರೀತಿ ಅಂದುಕೊಂಡು ಒಪ್ಪಿದಳು. ಅಂದಿನಿಂದ ಅಟ್ಟದ ಕೆಳಗೆ ಹೊಗೆಯಿಲ್ಲ. ನಾವಿಬ್ಬರೂ ಗೆದ್ದೆವು ಎಂದೇ ತಿಳಿದಿದ್ದೆವು.

ಹೆಂಚಿನ ಕಾವನ್ನು ಇಬ್ಬರೂ ಮರೆತಿದ್ದೆವು. ಆ ವರ್ಷ ಶಿವರಾತ್ರಿಗೆ ಮೊದಲೇ ಬಿಸಿಲು ಕೆಂಡ ಕಾರಿತು. ಒಂದು ಮಧ್ಯಾಹ್ನ ಅಪ್ಪ ಅಟ್ಟ ಹತ್ತಿ, ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ನೀರಿನ ಸದ್ದಿಲ್ಲ. ಕೊಬ್ಬರಿ ಲೊಟಲೊಟ ಎಂದದ್ದು ಕೆಳಗೆ ನಿಂತಿದ್ದ ನಮಗೂ ಕೇಳಿಸಿತು.

"ಒಣಗೈತೆ ಕಣವ್ವ," ಎಂದರು ಅಪ್ಪ, ಖುಷಿಯಿಂದಲೇ.

"ಪರೀಕ್ಷೆ ಒಂದು ಮುಗೀಲಿ ಅಪ್ಪ," ಎಂದಳು ಅಕ್ಕ.

"ಮಾತು ಕೊಟ್ಟಾಗೈತೆ. ಅದೆಲ್ಲ ಇನ್ಯಾಕೆ, ಬುಡು."

ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅವರು ತೀರಿಕೊಂಡ ಮೇಲೂ ಪೂರ್ತಿ ಇಳಿದಿಲ್ಲ.

ಪರೀಕ್ಷೆಗೆ ನಾನೊಬ್ಬಳೇ ಹೋದೆ. ಅದು ಮುಗಿದ ಮೇಲೆ ಅಕ್ಕನನ್ನು ನೋಡಲು ತುರುವೇಕೆರೆಯ ಬಸ್ಸು ಹತ್ತಿದೆ. ಅವಳು ಅಂಗಳ ಗುಡಿಸುತ್ತಿದ್ದವಳು ನನ್ನನ್ನು ಜಗಲಿಯ ಮೇಲೆ ಕೂರಿಸಿ, ನೀರನ್ನೂ ಕೊಡದೆ ಕೇಳಿದಳು: "ಕೆಮಿಸ್ಟ್ರೀಲಿ ಏನು ಬಂದಿತ್ತೇ?"

"ಎಥಿಲೀನ್."

ಅಕ್ಕನ ಮುಖ ಅರಳಿತು. ಕೈಯಲ್ಲಿದ್ದ ಪೊರಕೆಯಿಂದ ಎರಡು ಕಡ್ಡಿ ಹಿರಿದಳು. "ಎಷ್ಟು ಹಾಕ್ದೆ?"

"ಎರಡು."

"ಸದ್ಯ, ಕಲಿತ್ಯಲ್ಲ," ಎಂದು ತಲೆಗೆ ಮೆಲ್ಲಗೆ ಮೊಟಕಿದಳು. ಅಷ್ಟರಲ್ಲಿ ಒಳಗಿನಿಂದ ಅವಳತ್ತೆ ಕೂಗಿದರು, ಅಂಗಳ ಇನ್ನೂ ಆಗಲಿಲ್ವಾ ಎಂದು. ಅಕ್ಕ ಎರಡೂ ಕಡ್ಡಿಗಳನ್ನು ಪೊರಕೆಯ ಕಟ್ಟಿನೊಳಕ್ಕೆ ವಾಪಸು ತುರುಕಿ, ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿಕೊಂಡು, ಬಗ್ಗಿ ಗುಡಿಸತೊಡಗಿದಳು.