ಮೀನಿನ ಚೀಲದ ಮೂಲಭೂತ ಹಕ್ಕು

ತೆಕ್ಕಟ್ಟೆಯ ನಮ್ಮ ನೆರೆಮನೆಯವರು ಕೋರ್ಟಿನಲ್ಲಿ ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಸಂವಿಧಾನದಲ್ಲಿ ಜೀವಿಸುವ ಹಕ್ಕಿಗೆ ಇರುವುದು ಒಂದೇ ವಾಕ್ಯ. ಅದರೊಳಗಿಂದ ಕೋರ್ಟು ಶುದ್ಧ ಗಾಳಿ, ಹೊಟ್ಟೆಪಾಡು, ಖಾಸಗಿತನ ಎಲ್ಲವನ್ನೂ ಹೊರತೆಗೆದದ್ದು ತಮ್ಮದೇ ಸಾಧನೆಯೇನೋ ಎಂಬಷ್ಟು ಹೆಮ್ಮೆ ಅವರಿಗೆ.

ನಮ್ಮ ಕಡೆ ಪೇಟೆಯಿಂದ ಬರುವವರ ಚೀಲಕ್ಕೆ ಇಣುಕಿ "ಎಂತ ಮೀನ್?" ಎಂದು ಕೇಳದಿದ್ದರೆ ಮುನಿಸಿಕೊಂಡಿದ್ದಾರೆ ಎಂದೇ ಅರ್ಥ. ಇವರು ಮಾತ್ರ ಚೀಲವನ್ನು ಎದೆಗೊತ್ತಿಕೊಂಡು, ತೋರುಬೆರಳೆತ್ತಿ, "ಖಾಸಗಿತನ ಮೂಲಭೂತ ಹಕ್ಕ್. ಕೋರ್ಟೇ ಹೇಳಿತ್ತ್" ಎನ್ನುತ್ತಿದ್ದರು.

ಒಂದು ಭಾನುವಾರ ಇಬ್ಬರೂ ಮೀನು ಕೊಂಡು ಹಿಂದುಮುಂದಾಗಿ ಮರಳುತ್ತಿದ್ದೆವು. ನಾನೂ ಚೀಲದ ಬಾಯಿಗೆ ಗಂಟು ಹಾಕಿ, ಮಾತಿಲ್ಲದೆ ಅವರನ್ನು ದಾಟಿದೆ. ಗೇಟು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೋರ್ಟಿನ ಆ ಹಳೆಯ ದನಿ ಮೊಳಗಿತು: "ಹ್ವಾಯ್, ಎಂತ ಮೀನ್? ಎಂತ ಮೀನ್? ಎಂತ ಮೀನ್?"

"ಖಾಸಗಿತನ," ಎಂದೆ.

ಅವರ ಅದೇ ತೋರುಬೆರಳು ಮೇಲೆದ್ದಿತು. "ತಿಳ್ಕಂಬುದೂ ಮೂಲಭೂತ ಹಕ್ಕೇ. ಅದನ್ನೂ ಕೋರ್ಟೇ ಹೇಳಿತ್ತ್!"

ಸೋತು ಗಂಟು ಬಿಚ್ಚಿ ಬಂಗ್ಡೆ ತೋರಿಸಿದೆ. ಅವರು ಕಣ್ತುಂಬ ನೋಡಿ ತಲೆಯಾಡಿಸಿದರು.

"ನಿಮ್ದ್ ಎಂತ ಮೀನ್?" ಎಂದು ಕೇಳಿದೆ.

ಅವರ ಚೀಲ ಮತ್ತೆ ಎದೆಗೇರಿತು. "ಅದ್ ಬೇರೆ ಕೇಸ್, ಮಾರಾಯ್ರೆ."